ಕೈ ಎತ್ತಿದರೆ ಮುಂದಕ್ಕೆ

ಅಳಿಯ ಕಾರಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಎಡಗೈಯ ಎರಡು ಬೆರಳುಗಳನ್ನು ಒಂದು ಇಕ್ಕಟ್ಟಾದ ಸಂದಿಗೆ ತೂರಿಸಲು ಹೆಣಗುತ್ತಿದ್ದ. ಹೊರಗೆ ಉಳಿದದ್ದು ಅವನ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ಸಾವಿನ ಮನೆಗೆ ಬಂದವರೆಲ್ಲ ಆ ಕಾಲುಗಳನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು. ಕೆಲವರು, ನೋಡಲು ಬಂದದ್ದು ಇವನನ್ನೇ ಏನೋ ಎಂಬ ಹಾಗೆ ಗಾಬರಿಯಿಂದ ನಿಂತು, ಕಾಲು ಅಲ್ಲಾಡಿದ ಮೇಲೆ ಸಮಾಧಾನವಾಗಿ ಮುಂದೆ ಹೋದರು.

ಅವನಿಗೂ ಅವರ ಪಾದಗಳಷ್ಟೇ ಕಾಣುತ್ತಿದ್ದವು. ಹಿಟ್ಟು ಮೆತ್ತಿದ ಚಪ್ಪಲಿ ಎದುರುಮನೆಯ ಬೇಕರಿಯವನದು. ಮುಖ ನೋಡಿಕೊಳ್ಳುವಷ್ಟು ಪಾಲಿಶ್ ಹಾಕಿದ ಕಂದು ಬೂಟು ಮಾವನ ತಮ್ಮ ಚಿಕ್ಕಮಾವನದು. ಎರಡೂ ಜೋಡಿ ಮುಂದಿನ ಚಕ್ರದ ಬಳಿ ನಿಂತು ಮಾತಿಗೆ ಶುರುಮಾಡಿದವು.

"ಹೇಗಾಯ್ತಂತೆ?" ಎಂದ ಬೇಕರಿಯವನು.

"ಅಣ್ಣ ಊಟ ಮಾಡಿ ಹೊಲಿಗೆ ಮೆಷೀನಿನ ಮುಂದೆ ಕೂತಿದಾನೆ. ಹಾಗೇ ಮುಂದಕ್ಕೆ ಒರಗಿದಾನೆ. ಕಾಲು ಪೆಡಲ್ ಮೇಲೇ ಇತ್ತು."

"ಪುಣ್ಯವಂತರು. ಒಂದು ನರಳಾಟ ಇಲ್ಲ, ಒಂದು ಆಸ್ಪತ್ರೆ ಇಲ್ಲ." ಬೇಕರಿಯವನು ದನಿ ತಗ್ಗಿಸಿ ಕೇಳಿದ. "ಮೆಷೀನಲ್ಲಿ ಇದ್ದದ್ದು ನನ್ನ ಕೋಟೇನಾ?"

"ನಿಮ್ಮದೇ. ಒಂದು ತೋಳು ಆಗಿದೆ."

ಕಾರಿನ ಕೆಳಗಿದ್ದ ಅಳಿಯನಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಟಾರ್ಚು ಜಾರಿ ಮೂಗಿನ ಮೇಲೆ ಬಿತ್ತು.

ಅವನನ್ನು ಅಲ್ಲಿಗೆ ಕಳಿಸಿದ್ದು ಅವನ ಹೆಂಡತಿ, ಅಂದರೆ ಸತ್ತ ಟೈಲರನ ಒಬ್ಬಳೇ ಮಗಳು. ಅಪ್ಪನನ್ನು ಅಪ್ಪನ ಕಾರಿನಲ್ಲೇ ಕರೆದುಕೊಂಡು ಹೋಗುವುದೆಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಅದು ಹಿಂದುಗಡೆ ಪೆಟಾರಿಯಂತೆ ಉದ್ದಕ್ಕೆ ಬೆಳೆದ ಹಳೇ ಕಾರು. ಹಿಂದಿನ ಸೀಟು ಮಡಚಿದರೆ ಬಟ್ಟೆಯ ಥಾನುಗಳು ಆರಾಮಾಗಿ ಮಲಗುತ್ತಿದ್ದವು, ಟೈಲರೂ ಮಲಗಬಹುದು. ಆದರೆ ಈಚೆಗೆ ಅದರ ಗೇರು ಸಿಕ್ಕಿಹಾಕಿಕೊಳ್ಳುತ್ತಿತ್ತು. "ನಡುರಸ್ತೇಲಿ ನಿಂತುಬಿಟ್ರೆ ಅಪ್ಪನ್ನ ಇಳಿಸಿ ತಳ್ಳಕ್ಕಾಗುತ್ತಾ? ಒಂಚೂರು ನೋಡ್ರಿ" ಎಂದಿದ್ದಳು ಮಗಳು. ಅವಳು ಹೇಳಿದ್ದು ಅಷ್ಟೇ.

ಅಳಿಯನಿಗೆ ಅಷ್ಟಕ್ಕೇ ನಿಲ್ಲಿಸುವುದು ಗೊತ್ತಿಲ್ಲ. ಅವನು ಬಸ್ ಡಿಪೋದಲ್ಲಿ ತಪಾಸಣೆಯವನು. ದಿನಾ ಬೆಳಿಗ್ಗೆ ಬಸ್ಸುಗಳ ಸುತ್ತ ಒಂದು ಸುತ್ತು ಬಂದು ಏನು ಕೆಟ್ಟಿದೆಯೆಂದು ಹುಡುಕುವುದೇ ಕೆಲಸ. ಹುಡುಕಿ ಹುಡುಕಿ ಅದು ಚಟವಾಗಿತ್ತು. ನೆಂಟರ ಮನೆಯಲ್ಲೂ ಬಾಗಿಲು ತೆರೆದು ಮುಚ್ಚಿ ಕೀಲು ನೋಡುತ್ತಿದ್ದ. ಈ ಕಾರಿನಲ್ಲಿ ಗೇರಿನ ಕೋಲು ನೆಲದಲ್ಲಿರಲಿಲ್ಲ. ಹಳೇ ಕಾಲದ ರೀತಿಯಲ್ಲಿ ಸ್ಟೀರಿಂಗಿನ ಕಂಬಕ್ಕೇ, ಚಕ್ರದ ಕೆಳಗೆ, ಅಡ್ಡಲಾಗಿ ಚಾಚಿಕೊಂಡಿತ್ತು. ಕಂಬದ ಬುಡದಲ್ಲಿ ಎರಡು ಗಿಡ್ಡ ಕಬ್ಬಿಣದ ತೋಳುಗಳು. ಅವುಗಳಿಂದ ಎರಡು ಸಲಾಕೆಗಳು ಗೇರುಪೆಟ್ಟಿಗೆಗೆ. ತೋಳುಗಳ ನಡುವೆ ಕೂರುವ ಬಳೆಯಂಥ ಬುಷ್ ಸವೆದರೆ ಕಂಬ ಗಡಗಡ ಅಲ್ಲಾಡುತ್ತದೆ, ಎರಡೂ ತೋಳು ಒಂದರ ಮೇಲೊಂದು ಹತ್ತಿ ಕೂರುತ್ತವೆ, ಗೇರು ಅತ್ತ ಹೋಗದು, ಇತ್ತ ಬಾರದು. ಅಳಿಯ ಇದನ್ನು ಕಂಡುಹಿಡಿದು ಹೊಸ ಬುಷ್ ಕೂರಿಸಿಯಾಗಿತ್ತು. ಆಗ ಎದ್ದು ಬಂದು ಕೈ ತೊಳೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆದರೆ ಅವನ ಕಣ್ಣೆದುರಿಗೇ, ಒಂದು ಗೇಣು ದೂರದಲ್ಲಿ, ಆ ತೋಳು ಇತ್ತು. ಮೊದಲ ಗೇರಿನದು ಮತ್ತು ರಿವರ್ಸಿನದು. ಕೆಳಮುಖವಾಗಿ ಇರಬೇಕಾದದ್ದು ಮೇಲ್ಮುಖವಾಗಿ ಕೂತಿತ್ತು. ಇಷ್ಟು ವರ್ಷ ಯಾವುದಕ್ಕಾಗಿ ಮಾವನ ಜೊತೆ ಜಗಳ ಆಡಿದ್ದನೋ ಅದೇ ತೋಳು.

*

ಮದುವೆಗೆ ಮುಂಚೆ ಅವನು ಮೊದಲ ಸಲ ಈ ಮನೆಗೆ ಬಂದ ದಿನ, ಟೈಲರು ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದು ಅವನ ಭುಜದ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡರು. ಆಮೇಲೆ ಕೀಲಿ ಕೊಟ್ಟು, "ಕಾರು ಬಿಸಿಲಲ್ಲಿದೆ, ಸ್ವಲ್ಪ ಮುಂದೆ ತಗೊಂಡು ನೆರಳಿಗೆ ಹಾಕ್ತೀಯಾ?" ಎಂದರು.

ಹುಡುಗ ಉಬ್ಬಿಹೋದ. ಸ್ಟೀರಿಂಗಿನ ಮುಂದೆ ಕೂತು, ಲೋಕದಲ್ಲಿ ಎಲ್ಲರೂ ಮಾಡುವ ಹಾಗೆ ಕೋಲನ್ನು ತನ್ನ ಕಡೆಗೆ ಎಳೆದು ಕೆಳಕ್ಕೆ ಒತ್ತಿ ಕ್ಲಚ್ ಬಿಟ್ಟ. ಕಾರು ಹಿಂದಕ್ಕೆ ಹಾರಿತು. ಹಿಂದುಗಡೆ ಒಣಗಲು ಹಾಕಿದ್ದ ಗಿರಾಕಿಗಳ ಪ್ಯಾಂಟುಗಳನ್ನೆಲ್ಲ ಹಗ್ಗದ ಸಮೇತ ಎಳೆದುಕೊಂಡು ಗೋಡೆಗೆ ಒರಗಿ ನಿಂತಿತು. ಒಳಗಿನಿಂದ ಯಾರೋ ಹುಡುಗಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅದೇ ನಗುವನ್ನು ಅವನು ಮುಂದೆ ಕಟ್ಟಿಕೊಂಡ.

"ಇದರಲ್ಲಿ ಮುಂದೆ ಹೋಗ್ಬೇಕಾದ್ರೆ ಕೈ ಮೇಲೆ ಎತ್ತಬೇಕು" ಎಂದರು ಟೈಲರು, ಕಿಟಕಿಯ ಮೇಲೆ ನೇತಾಡುತ್ತಿದ್ದ ಪ್ಯಾಂಟನ್ನು ಸರಿಸಿ.

"ಇದು ತಪ್ಪು. ಯಾರೋ ತೋಳನ್ನ ತಲೆಕೆಳಗಾಗಿ ಹಾಕಿದಾರೆ."

"ಯಾರೋ ಅಲ್ಲ, ನಾನೇ. ತಪ್ಪಲ್ಲ, ಬೇಕಂತಲೇ. ಮುಂದೆ ಹೋಗೋನು ಕೈ ಎತ್ತುತಾನೆ, ಹಿಂದೆ ಸರಿಯೋನು ಕೈ ಇಳಿಸ್ತಾನೆ. ಕಾರು ಮಾಡಿದೋರಿಗೆ ಅಷ್ಟು ಬುದ್ಧಿ ಬೇಡ್ವಾ?"

ಅಂದಿನಿಂದ ಪ್ರತಿ ಸಲ ಬಂದಾಗಲೂ ಇದೇ ರಗಳೆ. "ಅರ್ಧ ಗಂಟೆ ಕೊಡಿ ಮಾವ, ಸರಿಮಾಡಿ ಕೊಡ್ತೀನಿ" ಎಂದು ಇವನು. "ನಾನು ಬದುಕಿರೋವರೆಗೂ ಆ ಕಂಬಕ್ಕೆ ಸ್ಪ್ಯಾನರ್ ತಾಗಿಸೋ ಹಾಗಿಲ್ಲ" ಎಂದು ಅವರು. ಊರಲ್ಲಿ ಅವರಿಗೆ ಉಲ್ಟಾ ಟೈಲರ್ ಎಂದೇ ಹೆಸರು ಬಿದ್ದಿತ್ತು. ಆ ಹೆಸರನ್ನು ಹೇಳಿ ನಗುವವರಲ್ಲಿ ಅಳಿಯನದೇ ಮೊದಲ ಸ್ಥಾನ.

*

ಈಗ ಮಾವ ಒಳಗೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ, ತಾವೇ ಹೊಲಿದುಕೊಂಡ ಬಿಳಿ ಅಂಗಿ ತೊಟ್ಟು ಮಲಗಿದ್ದರು. ಹಾಗಾಗಿ ಅಳಿಯ ಸ್ಪ್ಯಾನರ್ ತಾಗಿಸಿದರೆ ಅವರ ಮಾತು ಮೀರಿದ ಹಾಗೂ ಆಗುವುದಿಲ್ಲ. ಕೊನೆಯ ಸಲವಾದರೂ ಮಾವ ನೆಟ್ಟಗೆ ಇರುವ ಕಾರಿನಲ್ಲಿ ಹೋಗಲಿ ಎಂದುಕೊಂಡ. ಬೋಲ್ಟು ಬಿಚ್ಚಿ, ಬೆರಳಿನ ಚರ್ಮ ಎರಡು ಕಡೆ ತರಚಿಸಿಕೊಂಡು, ತೋಳನ್ನು ತಿರುಗಿಸಿ ಸರಿಯಾಗಿ ಕೂರಿಸಿದ. ಆ ಸಂದಿಗೆ ಅವನ ಬೆರಳೇ ಸಲೀಸಾಗಿ ಹೋಗದು. ಮಾವನ ಕೈಯಂತೂ ಬಾಳೆಗೊನೆಯ ಹಾಗೆ ಇತ್ತು, ಅವರು ಹೇಗೆ ತೂರಿಸಿದರೋ ಎಂದು ಅಚ್ಚರಿಪಟ್ಟ.

ಬೋಲ್ಟು ಬಿಗಿಯಾದಾಗ ಒಂದು ಕ್ಷಣ ಗೆದ್ದ ಖುಷಿ. ಮರುಕ್ಷಣ, ಇನ್ನು ಜಗಳಕ್ಕೆ ಯಾರೂ ಇಲ್ಲ ಎಂಬುದು ಹೊಳೆಯಿತು. ಅಂಗಾತ ಮಲಗಿದ್ದರಿಂದ ಕಣ್ಣೀರು ನೇರ ಕಿವಿಗೆ ಇಳಿಯಿತು. ಮುದುಕನನ್ನು ತಾನು ಇಷ್ಟು ಹಚ್ಚಿಕೊಂಡಿದ್ದೆನೆಂದು ಅವನಿಗೇ ಗೊತ್ತಿರಲಿಲ್ಲ.

ಹೊರಗೆ ತೆವಳಿ ಬಂದಾಗ ಹೆಂಡತಿ ನಿಂತಿದ್ದಳು. "ಆಯ್ತಾ?"

"ಬೆಣ್ಣೆ ಹಾಗೆ ಓಡುತ್ತೆ. ಯಾರು ಓಡಿಸೋದು? ನಾನಾ?"

"ಅಮ್ಮ."

ಅಳಿಯ ಕೈ ಒರೆಸುತ್ತಿದ್ದವನು ಹಾಗೇ ನಿಂತ. ಅತ್ತೆ ಡ್ರೈವಿಂಗ್ ಕಲಿತದ್ದು ಈ ಕಾರಿನಲ್ಲಿ. ಬೇರೆ ಯಾವ ಕಾರಿನ ಸ್ಟೀರಿಂಗನ್ನೂ ಮುಟ್ಟಿದವರಲ್ಲ. ಮಾವನಿಗೆ ಕಣ್ಣು ಮಂಜಾದ ಮೇಲೆ ಪೇಟೆಗೆ, ಗಿರಾಕಿಗಳ ಮನೆಗೆ, ಡಾಕ್ಟರ ಹತ್ತಿರಕ್ಕೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವರು ಅತ್ತೆಯೇ.

"ಅತ್ತೆ ಯಾಕೆ? ಈ ಸ್ಥಿತೀಲಿ..."

"ನಾನೂ ಹೇಳ್ದೆ. 'ಅವರನ್ನ ಎಲ್ಲಾ ಕಡೆ ನಾನೇ ಕರ್ಕೊಂಡು ಹೋಗಿದೀನಿ, ಇವತ್ತೊಂದು ದಿನ ಬೇರೆಯವರ ಕೈಗೆ ಕೊಡಲ್ಲ' ಅಂದ್ಲು. ನಿನ್ನೆಯಿಂದ ಅವಳು ಕೇಳಿರೋದು ಇದೊಂದೇ."

ಅಷ್ಟರಲ್ಲಿ ಅತ್ತೆ ಕೀಲಿ ಹಿಡಿದು ಮೆಟ್ಟಿಲಿಳಿದು ಬಂದೇಬಿಟ್ಟರು. ಸಣ್ಣ ಆಳು, ಸಣ್ಣ ಕೈ, ಗುಂಡಿಯ ಕಾಜಾ ಹೊಲಿದು ಹೊಲಿದು ಚೂಪಾದ ಬೆರಳು. ಕಾರನ್ನು ಬಾಗಿಲ ಹತ್ತಿರ ತರಬೇಕು, ಮಾವನನ್ನು ಶವಪೆಟ್ಟಿಗೆಯಲ್ಲಿಟ್ಟು ಹತ್ತಿಸಬೇಕು. ಅವರು ಸೀಟಿನಲ್ಲಿ ಕೂತು, ಬೆನ್ನಿಗೆ ದಿಂಬು ಸರಿಮಾಡಿಕೊಂಡು, ಕೀಲಿ ತಿರುಗಿಸಿದರು.

"ಅತ್ತೆ, ಒಂದು ನಿಮಿಷ. ಈಗ ಮೊದಲನೇ ಗೇರು ಕೆಳಗಿದೆ" ಎಂದ ಅಳಿಯ, ಕಿಟಕಿಗೆ ಬಗ್ಗಿ.

"ಏನಿದೆ?"

"ಕೆಳಗೆ. ಮುಂದೆ ಹೋಗೋಕೆ ಕೆಳಗೆ ಎಳೀಬೇಕು."

"ಸರಿ" ಎಂದರು ಅತ್ತೆ. ಕೈ ತನ್ನ ಪಾಡಿಗೆ ತಾನು ಕೋಲನ್ನು ಮೇಲಕ್ಕೆ ಎತ್ತಿತು. ಕಾರು ಹಿಂದಕ್ಕೆ ಬಂದು, ಬಂದವರಿಗೆಂದು ಬಾಡಿಗೆಗೆ ತಂದಿಟ್ಟ ಕುರ್ಚಿಗಳ ಮೊದಲ ಸಾಲನ್ನು ಉರುಳಿಸಿತು. ಕೂತಿದ್ದ ಹೆಂಗಸರು ಅಳುವುದನ್ನು ಬಿಟ್ಟು ಓಡಿದರು. ಎರಡನೇ ಸಲ ಅತ್ತೆ "ಕೆಳಗೆ, ಕೆಳಗೆ" ಎಂದು ಬಾಯಲ್ಲಿ ಹೇಳಿಕೊಂಡೇ ಮೇಲಕ್ಕೆತ್ತಿದರು. ಎರಡನೇ ಸಾಲು ಹೋಯಿತು. ಮೂರನೇ ಸಲಕ್ಕೆ ಬೇಕರಿಯವನು ಉಳಿದ ಕುರ್ಚಿಗಳನ್ನು ತಬ್ಬಿಕೊಂಡು ಬದಿಗೆ ಸರಿದ. ಯಾರೋ ಮೊದಲು ನಕ್ಕರು. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದೇ ಕಷ್ಟ.

ಅತ್ತೆ ಎಂಜಿನ್ ನಿಲ್ಲಿಸಿದರು. "ನನ್ನ ಕೈ ನನ್ನ ಮಾತು ಕೇಳ್ತಿಲ್ಲ. ಏನು ಮಾಡಿದ್ರಿ ಇದಕ್ಕೆ?"

"ಸರಿ ಮಾಡ್ದೆ ಅತ್ತೆ" ಎಂದ ಅಳಿಯ. ತನ್ನ ಜೀವಮಾನದಲ್ಲಿ ಆ ಮಾತನ್ನು ಅಷ್ಟು ಸಣ್ಣ ದನಿಯಲ್ಲಿ ಅವನು ಯಾವತ್ತೂ ಹೇಳಿರಲಿಲ್ಲ.

ಚಿಕ್ಕಮಾವ ಮುಂದೆ ಬಂದರು. "ಅತ್ತಿಗೆ, ನೀವು ಇಳೀರಿ. ಗಂಡಸರು ಇಷ್ಟು ಜನ ಇದೀವಿ. ಈಗ ಗೇರು ಎಲ್ಲಾ ಕಾರಿನ ಹಾಗೇ ಇದೆ, ಯಾರು ಬೇಕಾದ್ರೂ ಓಡಿಸಬಹುದು."

ಅತ್ತೆ ಇಳಿಯಲಿಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತರು, ಆಗ ಮಾತ್ರ ಅವರ ಗಲ್ಲ ನಡುಗಿತು. ಇಷ್ಟು ಹೊತ್ತು ಬಂದವರನ್ನೆಲ್ಲ ತಾವೇ ಸಮಾಧಾನ ಮಾಡುತ್ತಿದ್ದ ಹೆಂಗಸು. ಅಳಿಯ ಸ್ಪ್ಯಾನರ್ ಎತ್ತಿಕೊಂಡ.

"ಮೊದಲಿನ ಹಾಗೇ ಮಾಡಿಕೊಡ್ತೀನಿ ಅತ್ತೆ. ಸ್ವಲ್ಪ ಹೊತ್ತು ಕೊಡಿ."

"ಎಷ್ಟು ಹೊತ್ತು?" ಎಂದರು ಚಿಕ್ಕಮಾವ. "ಸ್ಮಶಾನದಲ್ಲಿ ಜನ ಕಾಯ್ತಿದಾರೆ."

ಎಷ್ಟು ಹೊತ್ತೆಂದು ಅವನಿಗೂ ಗೊತ್ತಿರಲಿಲ್ಲ. ಕೆಳಗೆ ನುಸುಳಿ ಬೋಲ್ಟು ಬಿಚ್ಚಿದ. ಮೇಲ್ಮುಖವಾಗಿ ಕೂರಿಸಲು ಜಾಗ ಇನ್ನೂ ಇಕ್ಕಟ್ಟಾಗಿತ್ತು. ತೋಳನ್ನು ತಿರುಗಿಸಿ ಒಳಗೆ ಬಿಟ್ಟ, ಅದು ಜಾರಿ ಎದೆಯ ಮೇಲೆ ಬಿತ್ತು. ಮತ್ತೆ ಬಿಟ್ಟ, ಮತ್ತೆ ಬಿತ್ತು. ಇಡೀ ಊರು ಕಾಯುತ್ತಿದ್ದಾಗ ಬೆರಳುಗಳು ಇನ್ನಷ್ಟು ದಪ್ಪಗಾಗುತ್ತವೆ. ಹೊರಗೆ ಕಂದು ಬೂಟುಗಳು ಅತ್ತಿಂದಿತ್ತ ನಡೆದಾಡುತ್ತಿದ್ದವು.

ಪಕ್ಕದಲ್ಲಿ ಸರಪರ ಸದ್ದಾಯಿತು. ತಲೆ ತಿರುಗಿಸಿದರೆ ಅತ್ತೆ! ಅಂಗಾತ ತೆವಳಿಕೊಂಡು ಒಳಗೆ ಬಂದಿದ್ದರು. ಹೊರಗಿನಿಂದ ಮಗಳ ಕೂಗು, "ಅಮ್ಮಾ! ಏನಮ್ಮಾ ಇದು! ಸೀರೆ!"

"ಸೀರೆಗೇನು, ತೊಳೆದರಾಯ್ತು" ಎಂದು ಅತ್ತೆ ಕಾರಿನ ಹೊಟ್ಟೆಗೆ ಹೇಳಿದರು. ಅಳಿಯನ ಕಡೆ ಕೈ ಚಾಚಿದರು. "ಕೊಡಿ ಇಲ್ಲಿ. ನೀವು ಟಾರ್ಚು ಹಿಡೀರಿ."

ಸಣ್ಣ ಕೈ ಆ ಸಂದಿಗೆ ಹೋದದ್ದೇ ಗೊತ್ತಾಗಲಿಲ್ಲ. ಗುಂಡಿಯನ್ನು ಕಾಜಾಕ್ಕೆ ದಾಟಿಸಿದ ಹಾಗೆ ತೋಳು ಕಂಬಕ್ಕೆ ಹೋಗಿ ಕೂತಿತು. ಮೇಲ್ಮುಖವಾಗಿ, ನೋಡದೆ, ತಡವರಿಸದೆ. ಈ ಕೆಲಸವನ್ನು ಮೊದಲ ಸಲ ಮಾಡುವ ಕೈ ಅಲ್ಲ ಅದು. ಅಳಿಯ ಟಾರ್ಚನ್ನು ಅತ್ತೆಯ ಮುಖಕ್ಕೆ ತಿರುಗಿಸಿದ.

"ಕಣ್ಣಿಗೆ ಬಿಡಬೇಡಿ."

"ಅತ್ತೆ... ಮಾವನ ಕೈ ಇಲ್ಲಿಗೆ..."

"ಅವರ ಕೈ ಇಲ್ಲಿಗೆ ಎಲ್ಲಿ ಬರ್ತಿತ್ತು?" ಎಂದು ಅತ್ತೆ ನಕ್ಕರು.

*

ಮದುವೆಯಾದ ಹೊಸತು, ಟೈಲರು ಆಗಷ್ಟೇ ಕಾರು ತಂದಿದ್ದರು. ಸೆಕೆಂಡ್ ಹ್ಯಾಂಡೋ ನಾಲ್ಕನೇ ಹ್ಯಾಂಡೋ, ಮೊದಲ ದಿನದಿಂದಲೇ ಗೇರು ಸಿಕ್ಕಿಕೊಳ್ಳುತ್ತಿತ್ತು. ರಸ್ತೆಯ ನಡುವೆ ಇಳಿದು, ಬಾನೆಟ್ ಎತ್ತಿ, ಟೈಲರ ಮರದ ಸ್ಕೇಲಿನಿಂದ ತೋಳುಗಳನ್ನು ತಟ್ಟಿ ಸಾಲಿಗೆ ತಂದರೆ ಹೊರಡುತ್ತಿತ್ತು. ಒಂದು ದಿನ ಟೈಲರು ರೋಸಿಹೋಗಿ ಇಡೀ ಕಂಬವನ್ನೇ ಬಿಚ್ಚಿ ಹಳೇ ಬೆಡ್‌ಶೀಟಿನ ಮೇಲೆ ಹರಡಿದರು. ಬಿಚ್ಚಿದ್ದೇನೋ ಆಯಿತು. ಸೇರಿಸುವಾಗ ಕೊನೆಯ ತೋಳು ಹಾಕಲು ಅವರ ಕೈ ಹಿಡಿಸಲಿಲ್ಲ. ಹೆಂಡತಿ ಆಚೆ ಕಡೆಯಿಂದ ನುಸುಳಿದಳು. ಗಂಡನ ತಲೆ ಇದ್ದ ಕಡೆ ಅವಳ ಕಾಲು. ಹಾಗಾಗಿ ಅವರಿಗೆ ಮೇಲಿದ್ದದ್ದು ಅವಳಿಗೆ ಕೆಳಗೆ. "ಕೂತ್ಕೊಂತು ನೋಡಿ" ಎಂದಳು. ಅವರು "ಭೇಷ್" ಎಂದರು.

ಮಾರನೇ ದಿನ ಬೀದಿಗೆ ಬೀದಿಯೇ ನೋಡಲು ಸೇರಿತು. ಅವರ ತಮ್ಮ, ಅಂದರೆ ಈ ಚಿಕ್ಕಮಾವ, ಆಗ ಇನ್ನೂ ಪಡ್ಡೆ, ಸೊಂಟದ ಮೇಲೆ ಕೈಯಿಟ್ಟು ಕಾರಿನ ಹಿಂದೆ ನಿಂತಿದ್ದ. ಟೈಲರು ಗತ್ತಿನಿಂದ ಗೇರು ಹಾಕಿದರು. ತಮ್ಮ ಚರಂಡಿಗೆ ಹಾರಿ ಜೀವ ಉಳಿಸಿಕೊಂಡ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚರಂಡಿಯಿಂದಲೇ ತಮ್ಮ ಕೂಗಿದ, "ಅತ್ತಿಗೆ ಕೈ ಹಾಕಿದ್ರಾ ಇದಕ್ಕೆ? ಹೆಂಗಸರ ಕೈಗೆ ಕೊಟ್ಟರೆ ಇನ್ನೇನಾಗುತ್ತೆ!"

ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಆ ಬೀದಿಗೆ ಬಂದು ವರ್ಷವೂ ಆಗಿರಲಿಲ್ಲ. ಎಲ್ಲರ ಮುಖ ಅವಳ ಕಡೆ ತಿರುಗುವ ಮೊದಲೇ ಟೈಲರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಅವಳು ಮುಟ್ಟೇ ಇಲ್ಲ. ನಾನು ಮಾಡಿದ್ದು. ಬೇಕಂತಲೇ."

ಆಮೇಲೆ, ಹೇಳುತ್ತ ಹೇಳುತ್ತ ಹುಟ್ಟಿಸಿಕೊಂಡು, ಕೈ ಎತ್ತುವುದರ ಮೇಲೆ ದೊಡ್ಡ ಭಾಷಣ ಬಿಗಿದರು. ಒಳಗೆ ಬಂದ ಮೇಲೆ ಅವಳು "ಬಿಚ್ಚಿ ಸರಿಮಾಡಿಬಿಡ್ಲಾ?" ಎಂದರೆ, "ಈಗ ಬಿಚ್ಚಿದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಇರಲಿ ಬಿಡು, ನಾವೇ ಕಲ್ತುಕೊಂಡ್ರಾಯ್ತು" ಎಂದರು. ಮೊದಲು ಅವಳಿಗೇ ಕಲಿಸಿದರು.

*

"ಆಮೇಲಾಮೇಲೆ ಅವರು ನಿಜವಾಗ್ಲೂ ತಾವೇ ಮಾಡಿದ್ದು ಅಂತ ನಂಬಿಬಿಟ್ರು" ಎಂದರು ಅತ್ತೆ, ಬೋಲ್ಟು ತಿರುಗಿಸುತ್ತ. "ಒಂದ್ಸಲ ನನಗೇ ಆ ಭಾಷಣ ಪೂರ್ತಿ ಮಾಡಿದ್ರು. ನಾನು 'ಹೌದಾ, ಹೌದಾ' ಅಂತ ಕೇಳಿಸ್ಕೊಂಡೆ. ಸ್ಪ್ಯಾನರ್ ಕೊಡಿ."

ಅಳಿಯ ಕೊಟ್ಟ. ಎಷ್ಟು ವರ್ಷ ಆ ಮನುಷ್ಯನನ್ನು ಹಟಮಾರಿ ಎಂದ, ಎಷ್ಟು ಜನರ ಮುಂದೆ ಅಂದ! ಪ್ರತಿ ಸಲವೂ ಅತ್ತೆ ಪಕ್ಕದಲ್ಲೇ ನೀರು ತಂದಿಟ್ಟು ನಿಂತಿರುತ್ತಿದ್ದರು, ಪ್ರತಿ ಸಲವೂ ಮಾವ ನಗುನಗುತ್ತ ಬೈಸಿಕೊಂಡಿದ್ದರು.

"ಮೇಲೆ ಯಾರಿಗೂ ಹೇಳ್ಬೇಡಿ" ಎಂದರು ಅತ್ತೆ. "ಅವರು ಅಷ್ಟು ಜೋಪಾನ ಮಾಡಿದ್ದು."

ಇಬ್ಬರೂ ಹೊರಗೆ ಬಂದರು. ಮಗಳು ಅಮ್ಮನ ಸೆರಗು ಕೊಡವಿ, "ಕೈ ತೊಳ್ಕೊಮ್ಮ" ಎಂದಳು. "ಹೊತ್ತಾಯ್ತು ನಡಿ" ಎಂದು ಅತ್ತೆ ಸೀಟು ಹತ್ತಿದರು. ಕಾರು ಬೆಕ್ಕಿನ ಹಾಗೆ ಮುಂದಕ್ಕೆ ಬಂದು ಬಾಗಿಲಿಗೆ ನಿಂತಿತು. ಪೆಟ್ಟಿಗೆ ಹತ್ತಿಸುವಾಗ ಚಿಕ್ಕಮಾವನಿಗೆ ತಡೆಯಲಾಗಲಿಲ್ಲ. "ನಮ್ಮಣ್ಣನಿಗೆ ಒಂದು ತುಂಡು ನೆಟ್ಟಗೆ ಕೂರಿಸಕ್ಕೆ ಬರಲಿಲ್ಲ, ತಪ್ಪು ಅಂತ ಒಪ್ಪಿಕೊಳ್ಳಕ್ಕೂ ಬರಲಿಲ್ಲ. ಅಲ್ವೇನಪ್ಪಾ?" ಎಂದು ಅಳಿಯನ ಕಡೆ ನೋಡಿದರು. ಈ ಮಾತಿಗೆ ಅಳಿಯ ಯಾವಾಗಲೂ ಒಗ್ಗರಣೆ ಹಾಕುತ್ತಿದ್ದ.

"ತಪ್ಪು ಎಲ್ಲಿ ಚಿಕ್ಕಮಾವ?" ಎಂದ ಅಳಿಯ. "ಬೇಕಂತಲೇ ಮಾಡಿದ್ದು. ಮುಂದೆ ಹೋಗೋನು ಕೈ ಎತ್ತುತಾನೆ. ಕಾರು ಮಾಡಿದೋರಿಗೆ ಅಷ್ಟು ಬುದ್ಧಿ ಬೇಡ್ವಾ?"

ಹೆಂಡತಿ ಬಾಯಿ ತೆರೆದು ಅವನನ್ನೇ ನೋಡಿದಳು. ಸ್ಟೀರಿಂಗಿನ ಹಿಂದಿದ್ದ ಅತ್ತೆ ಮಾತ್ರ ಕನ್ನಡಿ ಸರಿಮಾಡಿಕೊಳ್ಳುವುದರಲ್ಲಿ ಮಗ್ನರಾಗಿದ್ದರು.

ಅವರು ನಿಧಾನವಾಗಿ ಓಡಿಸಿದರು. ಅಳಿಯ ಹಿಂದೆ ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತಿರುವಿನಲ್ಲಿ ಅದು ಜಾರದ ಹಾಗೆ ಒತ್ತಿ ಹಿಡಿದಿದ್ದ. ಮಾವ ದಾರ, ಗುಂಡಿ ಕೊಳ್ಳುತ್ತಿದ್ದ ಅಂಗಡಿಯ ಮುಂದೆ ಅತ್ತೆ ವೇಗ ತಗ್ಗಿಸಿದರು. ಅಂಗಡಿಯವನು ಎದ್ದು ನಿಂತ. ಏರಿನಲ್ಲಿ ಲಾರಿಯೊಂದು ಅಡ್ಡ ಬಂದು ಕಾರು ಪೂರಾ ನಿಂತುಹೋಯಿತು. ಅಳಿಯ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಅತ್ತೆಯ ಕೈ ಮೇಲೆದ್ದಿತು, ಕಾರು ಒಂದು ಅಂಗುಲವೂ ಹಿಂದೆ ಸರಿಯದೆ ಏರು ಹತ್ತಿತು.

ಸ್ಮಶಾನದಲ್ಲಿ ಮುಚ್ಚಳ ಹಾಕುವ ಮುಂಚೆ ಎಲ್ಲರೂ ಒಂದು ಸಲ ನೋಡಿದರು. ಕೊನೆಗೆ ಅತ್ತೆ ಬಂದರು. ದಾರಿಯ ಕುಲುಕಾಟಕ್ಕೆ ಬಿಳಿ ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಅವರು ಬಗ್ಗಿ ಅದನ್ನು ಬಿಡಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಕೈ ತೆಗೆದಾಗ ಅಲ್ಲಿ ಹೆಬ್ಬೆರಳಿನಷ್ಟೇ ದೊಡ್ಡ, ಕಪ್ಪನೆಯ, ಗೆರೆಗೆರೆಯೂ ಮೂಡಿದ ಗ್ರೀಸಿನ ಗುರುತು.

"ಅಯ್ಯೋ ಅಮ್ಮಾ, ಅಪ್ಪನ ಅಂಗಿ!" ಎಂದು ಮಗಳು ಕರವಸ್ತ್ರ ಒದ್ದೆ ಮಾಡಿಕೊಂಡು ಬಂದಳು.

ಅತ್ತೆ ಅವಳನ್ನು ಮೊಣಕೈಯಿಂದ ಮೆಲ್ಲಗೆ ತಡೆದರು. ಒಂದು ಗಳಿಗೆ ಆ ಗುರುತನ್ನೇ ನೋಡಿದರು. ಆಮೇಲೆ ಇನ್ನೊಂದು ಕೈಯ ಗ್ರೀಸು ಮೆತ್ತಿದ ಹೆಬ್ಬೆರಳನ್ನು ಕಾಲರಿನ ಇನ್ನೊಂದು ತುದಿಗೆ, ಅಳತೆ ನೋಡಿ, ಅಷ್ಟೇ ದೂರದಲ್ಲಿ, ಅಷ್ಟೇ ಬಲವಾಗಿ ಒತ್ತಿದರು. ಎರಡು ಹೆಜ್ಜೆ ಹಿಂದೆ ಸರಿದು, ಹೊಲಿದು ಮುಗಿಸಿದ ಅಂಗಿಯನ್ನು ನೋಡುವವರ ಹಾಗೆ ತಲೆ ಓರೆ ಮಾಡಿ ನೋಡಿದರು. ಎರಡೂ ಕಡೆ ಸಮ ಇತ್ತು. ಮುಚ್ಚಳ ಹಿಡಿದು ನಿಂತವರಿಗೆ, ಹಾಕಿ ಎಂದು ತಲೆಯಾಡಿಸಿದರು.